ಹಿಂದಿನ ಗಾಲಿಯ ಎರಡು ಲಿಂಬೆ

10 ಜನವರಿ 2022, ಸೋಮವಾರ. ಲಕ್ಷ್ಮೇಶ್ವರ

ತಪ್ಪೊಪ್ಪಿಗೆ. ನಾನು, ತಾರೀಖ ನದಾಫ, ವಯಸ್ಸು ಮೂವತ್ತೆಂಟು, ಎಂ.ಎ. ಕನ್ನಡ (ಎರಡನೇ ದರ್ಜೆ), ಗಾದಿ ತಯಾರಕ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಈ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಗದಗಿನ ಶೋರೂಮಿನ ಹಿಂದಿನ ಯಾರ್ಡಿನಲ್ಲಿ ಎರಡು ಲಿಂಬೆಹಣ್ಣು ಕದ್ದೆ. ಮಾಲು ಜಪ್ತಿ ಮಾಡಲು ಬರುವುದಿಲ್ಲ. ಶರಬತ್ತು ಮಾಡಿ ಕುಡಿದಾಗಿದೆ.

ಕದ್ದ ಜಾಗ: ಮೊಹಸಿನನ ಹೊಸ ಪಿಕಪ್ಪಿನ ಹಿಂದಿನ ಗಾಲಿಗಳ ಬುಡ. ಮೊಹಸಿನ ನನ್ನ ಹೆಂಡತಿ ನಜಮಾಳ ತಮ್ಮ. ಶಿರಹಟ್ಟಿಯಲ್ಲಿ ಉಳ್ಳಾಗಡ್ಡಿ ವ್ಯಾಪಾರ. ಹೋದ ಜುಲೈನಲ್ಲಿ ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಒಂದೇ ಮಾದರಿಯ ಗಾಡಿ ಬುಕ್ ಮಾಡಿದೆವು. ಶೋರೂಮಿನ ಬಾಗಿಲು ಹಿಡಿದು ನಿಂತು ‘ಮೊದಲು ನೀ ನಡಿ’ ಅಂದವನು ನಾನು. ಕಾಲೇಜಿನ ಸಂಸ್ಕಾರ! ಅವನು ಹನ್ನೊಂದನೇ ನಂಬರು, ನಾನು ಹನ್ನೆರಡು.

ಆಮೇಲೆ ಕಂಪನಿಗೆ ಚಿಪ್ ಸಿಗಲಿಲ್ಲ. ಹೆಬ್ಬೆರಳಿನ ಉಗುರಿನಷ್ಟು ವಸ್ತುವಂತೆ, ಅದಿಲ್ಲದೆ ಗಾಡಿ ಹೊರಡುವುದಿಲ್ಲವಂತೆ. ಅವರಿಗೆ ಚಿಪ್ ಇಲ್ಲ, ನಮ್ಮ ಕೈಗೆ ಚಿಪ್ಪು. ಸೇಲ್ಸಿನ ವಿದ್ಯಾಶ್ರೀ ಮೇಡಂಗೆ ಫೋನ್ ಮಾಡಿ ‘ತಾರೀಖ ಮಾತಾಡೋದು’ ಅಂದರೆ, ‘ಇನ್ನೂ ತಾರೀಖ ಬಂದಿಲ್ರಿ’ ಅನ್ನುತ್ತಾಳೆ. ಬಾಡಿಗೆ ಗಾಡಿಯವನು ನವೆಂಬರಿನ ಮಳೆಯಲ್ಲಿ ತಾಡಪತ್ರಿ ಹೊದಿಸದೆ ಒಯ್ದು ಮುಂಡರಗಿ ಹಾಸ್ಟೆಲಿನ ನಲವತ್ತು ಗಾದಿ ನೆನೆಸಿದ. ಹಾಸ್ಟೆಲಿನವರು ಇನ್ನೊಮ್ಮೆ ಹೀಗಾದರೆ ಆರ್ಡರ್ ಬೇರೆಯವರಿಗೆ ಎಂದಿದ್ದಾರೆ. ಗಾದಿಯವನಿಗೆ ಗಾಡಿ ಬೇಕೇ ಬೇಕು.

ಆರು ತಿಂಗಳಿಗೆ ನಮ್ಮಿಬ್ಬರ ಪೈಕಿ ಬಂದದ್ದು ಒಂದೇ ಗಾಡಿ. ಹನ್ನೊಂದನೇ ನಂಬರಿಗೆ.

ಇಂದು ಡೆಲಿವರಿ. ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು ಇಡುವುದು ವಾಚಮನ್ ಲಾಡಸಾಬ ಚಾಚಾನ ಕೆಲಸ. ಗಾಡಿ ಮೊದಲ ಸಲ ಉರುಳುವಾಗ ಅವು ಚಟ್ಟನೆ ಒಡೆಯಬೇಕು, ಅದರೊಂದಿಗೆ ಜನರ ಕೆಟ್ಟ ನಜರೂ ಒಡೆಯಬೇಕು. ನನ್ನ ಅತ್ತೆ ಅಮೀರಾ ಕಣ್ಣು ಮುಚ್ಚಿ ದುವಾ ಓದುತ್ತಿದ್ದಳು. ಉಳಿದವರೆಲ್ಲ ಮುಂದೆ, ರಟ್ಟಿನ ದೊಡ್ಡ ಕೀಲಿ ಹಿಡಿದು ಫೋಟೋಕ್ಕೆ ನಿಂತಿದ್ದರು. ನಾನು ಹಿಂದೆ. ಇಡೀ ಜಿಲ್ಲೆಯಲ್ಲಿ ಆ ಗಾಡಿಯ ಮೇಲೆ ಕಣ್ಣಿಟ್ಟವನು ನಾನೊಬ್ಬನೇ. ನನ್ನ ನಜರನ್ನು ನನ್ನೆದುರೇ ಒಡೆಯುತ್ತಾರೆಂದರೆ ಹೇಗೆ? ಬಗ್ಗಿದೆ. ಎರಡನ್ನೂ ಜೇಬಿಗಿಳಿಸಿದೆ.

ಕಂಡವನು ಲಾಡಸಾಬ ಚಾಚಾ ಒಬ್ಬನೇ. ಮಾಸ್ಕ್ ಕೆಳಗೆಳೆದು ನಕ್ಕ. ಸಂಬಂಧಿಕರ ಚೇಷ್ಟೆ ಅಂದುಕೊಂಡಿರಬೇಕು.

21 ಜನವರಿ

ಗದಗಿಗೆ ಹೋಗಿದ್ದೆ, ವಿಚಾರಿಸಲು. ಚಿಪ್ ಬಂದಿಲ್ಲ. ಆದರೆ ಬೆಟಗೇರಿಯ ಒಬ್ಬ ಸೀರೆ ವ್ಯಾಪಾರಿ ಬಂದಿದ್ದ. ಒಂಬತ್ತನೇ ನಂಬರು. ಅವನ ಗಾಡಿ ಹುಬ್ಬಳ್ಳಿಯಲ್ಲಿ ಯಾರದೋ ಪಾಲಾಗಿದೆ ಎಂದು ಕಿವಿಗೆ ಬಿದ್ದಿತ್ತು. ನಾಲ್ಕು ಸಲ ‘ಸರ್’ ಅಂದ. ಐದನೆಯ ಸಲ ಸ್ಟೂಲ್ ಎತ್ತಿದ. ಶೋರೂಮಿನ ಗಾಜು, ಆಳೆತ್ತರದ್ದು, ಒಂದೇ ಏಟಿಗೆ ಹರಳುಹರಳಾಗಿ ಇಳಿಯಿತು. ಸೇಲ್ಸಿನ ಒಬ್ಬನ ಕಿವಿ ಹರಿದು ಅಂಗಿಯ ಕಾಲರು ಕೆಂಪಾಯಿತು. ಹಿಡಿಯಲು ಹೋದ ಲಾಡಸಾಬನಿಗೆ ಎರಡು ಕಪಾಳಕ್ಕೆ. ಟೋಪಿ ಹಾರಿ ಗಾಜಿನೊಳಗೆ ಬಿತ್ತು.

ಎಲ್ಲ ಮುಗಿದ ಮೇಲೆ ಟೋಪಿ ಕೊಡವಿಕೊಂಡು, ಗಾಜು ಗುಡಿಸುತ್ತ ನನಗಂದ:

“ಇರಲಿ ಬಿಡ್ರಿ ಮಾಸ್ತರ. ಬಾಗಲಾ ಕಾಯಾವನ ಗಲ್ಲಾ ಅಂದ್ರ ಅದೂ ಒಂದ ಬಾಗಲಾನ. ಬಂದಾವ್ರೆಲ್ಲಾ ಬಡದ ಒಳಗ ಹೋಗತಾರ.”

ನಾನು ಮಾಸ್ತರನಲ್ಲ. ಅವನ ಬ್ಯಾಂಕಿನ ಫಾರ್ಮು ಒಮ್ಮೆ ತುಂಬಿಕೊಟ್ಟಿದ್ದಕ್ಕೆ ಬಂದ ಬಿರುದು. ಹೊರಡುವಾಗ ಮೆಲ್ಲಗೆ ಕೇಳಿದ: “ಶರಬತ್ತ ಹೆಂಗಿತ್ರಿ?”

ಇಬ್ಬರೂ ನಕ್ಕೆವು. ಅವನ ತುಟಿಯಲ್ಲಿ ರಕ್ತವಿತ್ತು.

2 ಫೆಬ್ರವರಿ, ಸಂಜೆ 4

ಮೊಹಸಿನನ ಗಾಡಿ ಬಾಳೆಹೊಸೂರಿನ ಹತ್ತಿರ ಪಲ್ಟಿ. ಹಿಂದಿನ ಎಡಗಾಲಿ ಸಿಡಿದದ್ದಂತೆ.

ಹಿಂದಿನ.

4 ಫೆಬ್ರವರಿ, ಹುಬ್ಬಳ್ಳಿ

ಮೊಹಸಿನನಿಗೆ ತರಚು ಗಾಯ. ಉಳ್ಳಾಗಡ್ಡಿ ಚೀಲಗಳ ಮೇಲೆ ಕೂತಿದ್ದ ಅವನ ತಮ್ಮ ಶಾನವಾಜ, ಇಪ್ಪತ್ತೆರಡರ ಹುಡುಗ, ಗಾಡಿಯ ಕೆಳಗೆ ಸಿಕ್ಕ. ಎತ್ತಲು ಜನ ಸೇರುವತನಕ ಕಾಲು ಅಲ್ಲೇ, ಕಬ್ಬಿಣದ ಕೆಳಗೆ. ಇವತ್ತು ಮೊಳಕಾಲಿನ ಮೇಲಕ್ಕೆ ಕತ್ತರಿಸಿದರು. ಎಚ್ಚರವಾದಾಗ ಅವನು ಕೇಳಿದ್ದು ಚಪ್ಪಲಿ ಎಲ್ಲಿ ಎಂದು.

ನನ್ನ ಹತ್ತಿರ ಯಾವುದಕ್ಕೂ ಒಂದು ಶ್ಲೇಷೆ ಇರುತ್ತದೆ. ಇವತ್ತು ಬರಲಿಲ್ಲ.

8 ಫೆಬ್ರವರಿ

ಮೆಕ್ಯಾನಿಕ್ ಸ್ಪಷ್ಟ ಹೇಳಿದ. ಹೊರೆ ವಿಪರೀತ, ಹೊರುವುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಗಾಲಿ ಸಿಡಿಯದೆ ಇನ್ನೇನು. ಶಿರಹಟ್ಟಿಗೆ ಅತ್ತೆಯ ಮನೆಗೆ ಹೋಗಿ ನಾನೂ ಅದನ್ನೇ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಏಕೆಂದರೆ ಅತ್ತೆ ಅಷ್ಟರಲ್ಲಿ ಬಾಯಿ ಬಿಟ್ಟಿದ್ದಳು. ಅಳಲಿಲ್ಲ. ಗೋಡೆ ನೋಡುತ್ತ ಹೇಳಿದಳು:

“ಅವತ್ತ ಮುಂದಿನ್ವು ಎರಡು ಒಡದ್ವು. ಹಿಂದ ನೆಲದ ಫರಸಿ ಒಣಗಿತ್ತು. ನಾ ಕಣ್ಣಾರೆ ನೋಡೇನಿ.”

ಮೊಹಸಿನ ಎದ್ದು ಕುಳಿತ. ಶೋರೂಮಿನ ವಾಚಮನ್‌ಗಳು ಹಿಂದಿನ ಲಿಂಬೆಹಣ್ಣು ಎತ್ತಿಟ್ಟುಕೊಂಡು ಮರುದಿನದ ಗಾಡಿಗೆ ಮತ್ತೆ ಇಡುತ್ತಾರೆ, ಇದು ಎಲ್ಲರಿಗೂ ಗೊತ್ತಿರುವ ಮಾತು ಎಂದ. ನನಗೆ ಗೊತ್ತಿರಲಿಲ್ಲ. ಬೇರೆ ಒಂದು ವಿಷಯ ಗೊತ್ತಿತ್ತು. ‘ಅತ್ತಿ, ಲಿಂಬಿಹಣ್ಣ ನಾ ತಗೊಂಡಿದ್ದೆ’—ನಾಲ್ಕೇ ಪದ. ಎಂ.ಎ. ಮಾಡಿದವನಿಗೆ ನಾಲ್ಕು ಪದ ಜೋಡಿಸಲಾಗಲಿಲ್ಲ. ಚಹಾ ಕುಡಿದು ಬಂದೆ.

14 ಫೆಬ್ರವರಿ

ವಿದ್ಯಾಶ್ರೀ ಮೇಡಂ ಫೋನು. ನನ್ನ ಗಾಡಿ ಬಂದಿದೆ. ಗುರುವಾರ ಡೆಲಿವರಿ.

ತಾರೀಖನಿಗೆ ತಾರೀಖ ಸಿಕ್ಕಿತು. ತಾನೂ ಬರುತ್ತೇನೆ ಎಂದ ಮೊಹಸಿನ. ಬೇಡ ಅನ್ನಲು ಕಾರಣ ಹುಡುಕಿದೆ. ಸಿಕ್ಕಿದ್ದು ಒಂದೇ, ಅದನ್ನು ಹೇಳುವಂತಿರಲಿಲ್ಲ.

17 ಫೆಬ್ರವರಿ, ಗುರುವಾರ, ಸಂಜೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದಂತಿವೆ.

ಯಾರ್ಡಿನಲ್ಲಿ ಗಾಡಿ ತೊಳೆದು ನಿಲ್ಲಿಸಿದ್ದರು. ಬಿಳಿ, ಹಾಲಿನಂತೆ. ಶೋರೂಮಿನವರು ಒಳಗೆ ಕಾಗದಪತ್ರ ಮಾಡುತ್ತಿದ್ದರು. ಲಾಡಸಾಬ ಒಬ್ಬನೇ ಲಿಂಬೆಹಣ್ಣು ತಂದ. ಮೊಹಸಿನ ಅವನ ಬೆನ್ನಿಗೇ ನಡೆದ, ಒಂದೊಂದು ಗಾಲಿಗೂ ನಿಂತು ನೋಡುತ್ತ. ಜೊತೆಗೆ ಅವನ ಇಬ್ಬರು ಗೆಳೆಯರು. ನಾಲ್ಕನೆಯದನ್ನು ಇಟ್ಟು ಮುದುಕ ಎದ್ದ ಕೂಡಲೇ ಮೊಹಸಿನ ಅವನ ಕೊರಳಪಟ್ಟಿ ಹಿಡಿದ.

“ನನ್ನ ಗಾಡೀದು ಎರಡ ಎಲ್ಲಿ ಹೋದ್ವು? ಹೇಳ. ನನ್ನ ತಮ್ಮನ ಕಾಲ ಎಲ್ಲಿ ಹೋತು, ಹೇಳ.”

ಲಾಡಸಾಬನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ನಗುವೇ ಇತ್ತು, ‘ನೀವಾದರೂ ಹೇಳ್ರಿ ಮಾಸ್ತರ’ ಅನ್ನುವ ಹಾಗೆ. ಬಾಯಿ ತೆರೆದ. ಅಷ್ಟರಲ್ಲಿ ಏಟು ಬಿತ್ತು.

ಆಮೇಲೆ ಲೆಕ್ಕವಿಲ್ಲ. ಒಬ್ಬ ಕೈ ಹಿಡಿದ, ಒಬ್ಬ ಒದ್ದ. ಮೊಹಸಿನ ನನ್ನ ಹೊಸ ಗಾಡಿಯ ಸೀಟಿನ ಹಿಂದಿನಿಂದ ಜಾಕ್‌ರಾಡ್ ಎಳೆದು ತಂದ. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ, ಅದರ ಸಮೇತ ಬಡಿದ. ಪಕ್ಕೆಲುಬು ಮುರಿಯುವ ಸದ್ದು ಹಸಿ ಕಟ್ಟಿಗೆಯದಲ್ಲ, ಒಣಗಿದ್ದರದು. ಮುದುಕ ಹಿಂದಿನ ಬಾಗಿಲಿಗೆ ಆತು ಕುಸಿದ. ಬಿಳಿ ಬಣ್ಣದ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಎಳೆದುಕೊಂಡು ಕೆಳಗಿಳಿದ. ಆಗಲೂ ಮೊಹಸಿನ ರಾಡ್ ಎತ್ತಿದ್ದ, ತಲೆಗೆ.

ನಾನು ನುಗ್ಗಿದೆ. ನಡುವೆ ನಿಂತೆ. ರಾಡ್ ನನ್ನ ಬಲಗೈಗೆ ಬಿತ್ತು. ಬೆರಳ ಗೆಣ್ಣಿನ ಮೇಲೆ ನಾಲ್ಕು ಹೊಲಿಗೆ. ನಾನಿಲ್ಲದಿದ್ದರೆ ಲಾಡಸಾಬ ಇವತ್ತು ಮಣ್ಣಿಗೆ ಹೋಗುತ್ತಿದ್ದ. ಇದನ್ನು ಪೊಲೀಸರಿಗೂ ಹೇಳಿದೆ, ನಜಮಾಳಿಗೂ ಹೇಳಿದೆ.

ದಿನಚರಿಗೂ ಹೇಳಿದಂತಾಯಿತು.

3 ಮಾರ್ಚ್

ಪೊಲೀಸರು ಬಿಟ್ಟುಕೊಟ್ಟು ಗಾಡಿ ಮನೆಗೆ ಬಂದು ವಾರವಾಯಿತು. ಮೊಹಸಿನ ಮತ್ತು ಗೆಳೆಯರು ಜೇಲಿನಲ್ಲಿದ್ದು ಜಾಮೀನಿನ ಮೇಲೆ ಬಂದರು. ಲಾಡಸಾಬ ಗದಗಿನ ದವಾಖಾನೆಯಲ್ಲಿ. ಪಕ್ಕೆಲುಬು ಮೂರು, ಸೊಂಟ, ದವಡೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದಾರೆ. ಆರು ವಾರ ಬಾಯಿ ತೆರೆಯುವಂತಿಲ್ಲ. ನಳಿಕೆಯಲ್ಲಿ ಗಂಜಿ. ಓದುಬರಹ ಬಾರದ ಮನುಷ್ಯ. ಬರೆದು ತೋರಿಸುವಂತೆಯೂ ಇಲ್ಲ.

ಈ ಕೊನೆಯ ವಾಕ್ಯ ಬರೆದಾಗ ನನಗೆ ಎಷ್ಟು ನಿರಾಳವಾಯಿತು ಎಂಬುದನ್ನು ಬರೆಯುವುದಿಲ್ಲ.

ಮೊದಲ ಬಾರಿ ಹಾಸ್ಟೆಲಿನ ಗಾದಿ ತುಂಬಿ ಮುಂಡರಗಿಗೆ ಒಯ್ದೆ. ಒಂದೂ ನೆನೆಯಲಿಲ್ಲ. ಲಕ್ಷ್ಮೇಶ್ವರದಲ್ಲಿ ಚಹಾದ ಮಾಶಾಕ ನನ್ನ ಕೈ ನೋಡಿ ದುಡ್ಡು ತೆಗೆದುಕೊಳ್ಳಲಿಲ್ಲ. ‘ಜೀವ ಉಳಿಸಿದ ಕೈ’ ಅಂದ. ಬಿಟ್ಟಿ ಚಹಾ ಕುಡಿದೆ. ಸಕ್ಕರೆ ಜಾಸ್ತಿ ಇತ್ತು.

ಮುಂಡರಗಿ ಬಸ್‌ಸ್ಟ್ಯಾಂಡಿನ ಹತ್ತಿರ ಹಮ್ಮಿಗಿ ಕಡೆಯ ಒಬ್ಬ ಬೈಕಿನವನು ಬಾಗಿಲಿಗೆ ಗೀರಿದ. ಕೈಬೆರಳಷ್ಟು ಗೀರು. ಯಾವಾಗ ಇಳಿದೆನೋ. ಇಳಿದಾಗ ಕೈಯಲ್ಲಿ ಹೊಸದಾಗಿ ಕೊಂಡ ರಾಡ್ ಇತ್ತು. ಆತ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಕುಂತುಬಿಟ್ಟ. ಅಷ್ಟು ಬೇಗ ಕುಂತದ್ದು ನೋಡಿದರೆ ಹೊಡೆಸಿಕೊಂಡು ರೂಢಿಯಿದ್ದವನು. ನನ್ನ ತೋಳು ಮೇಲೆಯೇ ಇತ್ತು. ಇಳಿಸಲು ಮನಸ್ಸು ಮಾಡಬೇಕಾಯಿತು.

ಸಂಜೆ ಹಿಂದಿನ ಬಾಗಿಲು ತೊಳೆದೆ. ಚಿಲಕದ ಸಂದಿಯಲ್ಲಿ ಇನ್ನೂ ಕಂದು ಬಣ್ಣ. ಹಳೆಯ ಟೂತ್‌ಬ್ರಷ್ ಹಾಕಿ ಉಜ್ಜಿದೆ.

20 ಮಾರ್ಚ್, ಭಾನುವಾರ

ಕೈನಾತ ಬಂದಿದ್ದಳು. ಲಾಡಸಾಬನ ಮಗಳು. ಸೀರೆ ನೇಯುವ ಮನೆಯೊಂದರಲ್ಲಿ ನೂಲು ಸುತ್ತುತ್ತಾಳೆ. ಬೆಟಗೇರಿಯಿಂದ ಬಸ್ಸಿನಲ್ಲಿ, ಶಬ್-ಎ-ಬರಾತಿನ ಹಲ್ವಾ ಡಬ್ಬಿಯಲ್ಲಿ ಹಿಡಿದುಕೊಂಡು. ಆ ಹಬ್ಬದಲ್ಲಿ ಒಬ್ಬರಿಗೊಬ್ಬರು ಮಾಫಿ ಕೇಳುವುದುಂಟು. ಅವಳೇ ನನ್ನನ್ನು ಕೇಳಿದಳು, ಇಷ್ಟು ದಿನ ಬಂದು ಉಪಕಾರ ಹೇಳದೆ ಇದ್ದುದಕ್ಕೆ. ನಜಮಾ ಅವಳ ಕೈ ಹಿಡಿದುಕೊಂಡು ಅತ್ತಳು. ನಾನು ಹಲ್ವಾ ತಿಂದೆ. ತಿನ್ನದಿದ್ದರೆ ಮಾತಾಡಬೇಕಿತ್ತು.

ಕೋರ್ಟಿನಲ್ಲಿ ಸಾಕ್ಷಿ ಹೇಳುವಿರಾ ಎಂದು ಕೇಳಿದಳು. ಹೆಂಡತಿಯ ತಮ್ಮನ ವಿರುದ್ಧ ಹೇಳುವುದು ಕಷ್ಟ ಎಂದು ತನಗೂ ಗೊತ್ತು ಎಂದಳು. ನೋಡೋಣ ಅಂದೆ. ಆಮೇಲೆ ಅವಳು ಹೇಳಿದ್ದು:

“ಭಾಯಿ, ನಿಮ್ಮ ಹೆಸರ ತಗದ್ರ ಅಬ್ಬಾ ಎರಡ ಬೆರಳ ಎತ್ತತಾನ್ರಿ. ಹಿಂಗ. ಎತ್ತಿ ಅಳತಾನ. ಡಾಕ್ಟರಗೂ ತಿಳಿವಲ್ದು. ನನಗನಸ್ತದ, ಎರಡನೇ ಜನ್ಮಾ ಕೊಟ್ರಿ ಅಂತ ಹೇಳಾಕತ್ತಿರಬೇಕು.”

ನಾನು ಡಬ್ಬಿಯ ಮುಚ್ಚಳ ಹಾಕಿದೆ. ನಜಮಾ ನೀರು ತಂದಳು.

31ಕ್ಕೆ ತಂತಿ ಬಿಚ್ಚುತ್ತಾರಂತೆ, ಅವತ್ತೇ ಮನೆಗೆ ಕಳಿಸುತ್ತಾರಂತೆ. ಸೊಂಟ ಮುರಿದವನು ಆಟೋದಲ್ಲಿ ಕೂರಲಾರ. ‘ನಿಮ್ಮ ಗಾಡ್ಯಾಗ ಒಂದ ಗಾದಿ ಹಾಸಿ…’ ಅಂದಳು. ಅವಳು ಮಾತು ಮುಗಿಸುವ ಮೊದಲೇ ನಜಮಾ ಹೂಂ ಅಂದಳು.

24 ಮಾರ್ಚ್

ಮೊಹಸಿನ ಬಂದಿದ್ದ. ಮುದುಕ ಬಾಯಿ ಬಿಟ್ಟರೆ ಏನು ಹೇಳಬಹುದು ಎಂದ. ನನಗೇನು ಗೊತ್ತು ಅಂದೆ. ಶಾನವಾಜ ಊರುಗೋಲು ಹಿಡಿದು ಹೊಸ್ತಿಲು ದಾಟುವುದನ್ನು ಕಲಿಯುತ್ತಿದ್ದಾನಂತೆ, ದಿನಕ್ಕೆರಡು ಸಲ ಬೀಳುತ್ತಾನಂತೆ. ಮೊಹಸಿನ ಹೇಳುತ್ತ ನನ್ನ ಬಾಗಿಲಿಗೆ ಮುಷ್ಟಿಯಿಂದ ಗುದ್ದಿದ. ಹಲಗೆ ಸೀಳಿತು. ‘ಅವನ ಬಾಯಿಂದ ಒಂದ ಸಲ ಖರೆ ಕೇಳಬೇಕು’ ಅಂದ. ‘ಆಮ್ಯಾಲೆ ಜೇಲ ಆದ್ರೂ ಆಗಲಿ.’

31 ಮಾರ್ಚ್, ಗುರುವಾರ, ಬೆಳಿಗ್ಗೆ 10.20. ದವಾಖಾನೆಯ ಮುಂದೆ, ಗಾಡಿಯೊಳಗೆ

ಹಿಂದೆ ಹೊಸ ಗಾದಿ. ಹತ್ತಿ ನಾನೇ ಆರಿಸಿ, ನಾನೇ ಹೊಲಿದದ್ದು. ಇಷ್ಟು ಮೆತ್ತಗೆ ಮದುಮಕ್ಕಳಿಗೂ ಮಾಡಿಕೊಟ್ಟಿಲ್ಲ. ಮೊಹಸಿನನೂ ಬಂದಿದ್ದಾನೆ. ಗೇಟಿನಾಚೆ ಬೈಕಿನ ಮೇಲೆ ಕುಳಿತಿದ್ದಾನೆ. ಕೈಯಲ್ಲಿ ಏನೂ ಇಲ್ಲ. ಇಲ್ಲಿಂದ ಕಾಣುವಂತೆ ಏನೂ ಇಲ್ಲ.

ತಂತಿ ಬಿಚ್ಚಲು ಒಳಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ.

ಗಾಡಿ ಚಾಲೂ ಮಾಡಿದೆ. ಬಂದ್ ಮಾಡಿದೆ. ಮತ್ತೆ ಚಾಲೂ ಮಾಡಿದೆ. ಏಳು ತಿಂಗಳು ಕಾದು ಪಡೆದ ಗಾಡಿ, ಎಲ್ಲಿಗೂ ಹೋಗುತ್ತಿಲ್ಲ.

10.35

ಕೈನಾತ ಬಾಗಿಲಿಗೆ ಬಂದು ಕೈ ಬೀಸಿದಳು. ನಗುತ್ತಿದ್ದಳು. ಅಬ್ಬಾ ಮಾತಾಡಿದ, ಮೊದಲು ಮಾಸ್ತರನ್ನ ಕರಿ ಅಂದ, ಎಂದು ಅಲ್ಲಿಂದಲೇ ಕೂಗಿದಳು. ಮೊಹಸಿನ ಬೈಕಿನಿಂದ ಇಳಿದ.

ಅವರು ಇಲ್ಲಿಗೆ ಬರುವುದರೊಳಗೆ ಬರೆದುಬಿಡುತ್ತೇನೆ. 17ನೇ ತಾರೀಖಿನ ಪುಟ ಸುಳ್ಳು. ರಾಡ್ ನನ್ನ ಕೈಗೆ ತಾಗಲೇ ಇಲ್ಲ. ನಾನು ನಡುವೆ ನಿಂತವನಲ್ಲ. ಎತ್ತಿದ ರಾಡನ್ನು ಮೊಹಸಿನ ತಾನೇ ಕೆಳಗಿಳಿಸಿದ. ‘ನೀ ಬಿಡಿಸಿದಿ ಅಂತ ಹೇಳ, ಒಬ್ಬರಾದ್ರೂ ಹೊರಗ ಇರೋಣು’ ಎಂದು ಕಲಿಸಿದವನೂ ಅವನೇ. ಅಕ್ಕನ ಗಂಡ, ದುಲ್ಹಾಭಾಯಿ, ತನಗಾಗಿ ಸಿಟ್ಟಿಗೆದ್ದ ಎಂದು ಅವನು ಇವತ್ತಿಗೂ ನಂಬಿದ್ದಾನೆ. ಲಾಡಸಾಬ ನನ್ನ ಕಡೆ ತಿರುಗಿ ಬಾಯಿ ತೆರೆದಾಗ, ಅಲ್ಲಿಯವರೆಗೆ ಯಾರೂ ಅವನಿಗೆ ಹೊಡೆದಿರಲಿಲ್ಲ. ಮೊಹಸಿನ ಬರೀ ಕೊರಳಪಟ್ಟಿ ಹಿಡಿದಿದ್ದ. ಮೊದಲ ಏಟು, ಬಾಯಿಗೇ ಹಾಕಿದ್ದು, ನನ್ನದು. ಈ ನಾಲ್ಕು ಹೊಲಿಗೆ ಅವನ ಮುಂದಿನ ಹಲ್ಲಿನವು. ಎರಡು ಮುರಿದವು, ಒಂದು ನನ್ನ ಗೆಣ್ಣಿನೊಳಗೇ ಉಳಿದಿತ್ತು, ಡಾಕ್ಟರು ಚಿಮಟದಲ್ಲಿ ತೆಗೆದು ಇದೇನ್ರಿ ಅಂದಾಗ ನಾನು