ಕೆಂಪು ದಾರ ಕಟ್ಟಿದ ಕಡಜ

ಹೊಲಿಗೆ ಮೇಜಿನಿಂದ,
ಸೆಪ್ಟೆಂಬರ್ ೨೧, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಲಾರಿ ಓಡಿಸುವವನು ಆಗಾಗ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು, ಆದರೆ ನಿನಗೆ ಹೇಳುವವರು ಯಾರು! ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ ಎಂದು ಬರೆಯುವವಳಿದ್ದೆ, ಆದರೆ ಅವಳು ಬೆಳಗಿನಿಂದ ಹಿತ್ತಿಲಲ್ಲಿ ನಿನ್ನ ಹಳೇ ಬ್ಯಾಡ್ಮಿಂಟನ್ ಬ್ಯಾಟು ಹಿಡಿದು ನಿಂತಿದ್ದಾಳೆ. ಆಟಕ್ಕಲ್ಲ ಮಾರಾಯ, ಕಡಜ ಹೊಡೆಯುವುದಕ್ಕೆ.

ಇವು ನಮ್ಮ ಕಡಜಗಳಲ್ಲ. ಯಾವುದೋ ಹಡಗಿನ ಸರಕಿನ ಜೊತೆ ಹೊರದೇಶದಿಂದ ಬಂದು ಬೀಡುಬಿಟ್ಟಿವೆಯಂತೆ. ಕಪ್ಪು ಮೈ, ಹಳದಿ ಕಾಲು. ಜೇನುಪೆಟ್ಟಿಗೆಯ ಬಾಗಿಲ ಮುಂದೆ ಗಾಳಿಯಲ್ಲೇ ನಿಂತು ಕಾಯುತ್ತವೆ. ಹೂವಿನಿಂದ ಮರಳುವ ಹುಳವನ್ನು ಗಬಕ್ಕನೆ ಹಿಡಿದು, ತಲೆ ಕಾಲು ಕತ್ತರಿಸಿ ಬಿಸಾಡಿ, ಎದೆಯ ತುಂಡನ್ನಷ್ಟೇ ಗೂಡಿಗೆ ಹೊತ್ತೊಯ್ಯುತ್ತವೆ. ಅಮ್ಮನ ಜೇನುಹುಳಗಳು ಹೆದರಿ ಈಗ ಹೊರಗೇ ಬರುತ್ತಿಲ್ಲ. ಹೊರಗೆ ಬಂದರೆ ಕಡಜ, ಒಳಗೆ ಕೂತರೆ ಹಸಿವು. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದಿಟ್ಟೆ.

ಗೂಡು ಸಿಗದೆ ಎಷ್ಟು ಹೊಡೆದರೂ ಅಷ್ಟೇ. ಅಮ್ಮ ಸೀದಾ ಬೇಕರಿಯವನ ಮೇಲೆ ಬಿದ್ದಳು. ಅವನ ಸಕ್ಕರೆ ವಾಸನೆಗೇ ಇವು ಬಂದದ್ದು, ಅವನ ಚಿಮಣಿಯಲ್ಲೇ ಗೂಡಿರುವುದು ಎಂದು ಬೀದಿಯಲ್ಲಿ ನಿಂತು ಜಗಳ. "ಏನಮ್ಮಾ, ಉರಿಯೋ ಚಿಮಣೀಲಿ ಯಾವ ಹುಳ ಮನೆ ಮಾಡತ್ತೆ?" ಎಂದು ಅವನು ಕೇಳಿದರೂ ಅವಳು ಸೋಲಲಿಲ್ಲ. ಕೊನೆಗೆ ನಾನೇ ಒಂದು ಕಡಜವನ್ನು ಸಕ್ಕರೆ ನೀರಿನ ಸೀಸೆಯಲ್ಲಿ ಹಿಡಿದು, ಮಂಪರು ಹತ್ತುವವರೆಗೆ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟು, ಅದರ ಸೊಂಟಕ್ಕೆ ಕೆಂಪು ರೇಷ್ಮೆ ದಾರ ಕಟ್ಟಿದೆ. ಇಷ್ಟು ಸಣ್ಣ ಸೊಂಟದ ಗಿರಾಕಿ ನನಗೆ ಇದುವರೆಗೆ ಸಿಕ್ಕಿರಲಿಲ್ಲ! ಬಿಸಿಲು ತಾಗಿ ಚೇತರಿಸಿಕೊಂಡು ಹಾರಿತು. ದಾರದ ಹಿಂದೆ ನಾನು, ನನ್ನ ಹಿಂದೆ ಬ್ಯಾಟು ಹಿಡಿದ ಅಮ್ಮ, ಅವಳ ಹಿಂದೆ ಮಾನ ಉಳಿಸಿಕೊಳ್ಳಲು ಹಿಟ್ಟಿನ ಕೈಯಲ್ಲೇ ಓಡಿಬಂದ ಬೇಕರಿಯವನು. ಅದು ಬೇಕರಿ ದಾಟಿತು, ಸೈಕಲ್ ಅಂಗಡಿ ದಾಟಿತು, ನೀರಿನ ಟ್ಯಾಂಕ್ ಸುತ್ತಿ ಮತ್ತೆ ನಮ್ಮ ಬೀದಿಗೇ ಬಂತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಆ ದಾರ ಹೋಗಿ ಹೊಕ್ಕಿದ್ದು ನಮ್ಮದೇ ಮಹಡಿಯ ನಿನ್ನ ಕೋಣೆಯನ್ನು.

ಕಿಟಕಿಯ ಆ ಒಡೆದ ಗಾಜು ನೆನಪಿದೆಯಲ್ಲ? ಹೊಸ ಕೆಲಸದ ಊರಿಗೆ ನೀವೂ ಬನ್ನಿ ಎಂದೆ ನೀನು, ಜೇನುಪೆಟ್ಟಿಗೆಗಳನ್ನು ಬಿಟ್ಟು ಬರಲಾರೆ ಎಂದಳು ಅಮ್ಮ. "ನಿಂಗೆ ಮಕ್ಕಳಿಗಿಂತ ಆ ಹುಳಗಳೇ ಹೆಚ್ಚು" ಎಂದು ಕೂಗಿ ನೀನು ಕಿಟಕಿ ರಪ್ಪನೆ ಬಡಿದೆ. ಕೋಣೆಗೆ ಬೀಗ ಜಡಿದು ಕೀಲಿ ಜೇಬಿಗಿಳಿಸಿಕೊಂಡು ಹೋದೆ. ಅಂದಿನಿಂದ ಆ ಕಡೆ ಯಾರೂ ಸುಳಿದಿಲ್ಲ. ಈಗ ಬಾಗಿಲಿಗೆ ಕಿವಿಗೊಟ್ಟರೆ ಒಳಗೆ ಗುಂಯ್ ಎನ್ನುತ್ತದೆ. ಗೂಡು ಕೋಣೆಯ ಅಟ್ಟದ ಮೂಲೆಯಲ್ಲಿದೆ, ಕಿಟಕಿಯಿಂದ ಎಟುಕದು, ಒಳಗಿನಿಂದಲೇ ತೆಗೆಯಬೇಕು ಎಂದ, ನಾವು ಕರೆಸಿದ ಕೀಟ ತೆಗೆಯುವವನು. ತಡವಾದರೆ ಹೊಸ ರಾಣಿಗಳು ಹಾರಿಹೋಗಿ, ಬರುವ ವರ್ಷ ಬೀದಿಗೊಂದು ಗೂಡಾಗುತ್ತದಂತೆ. ಅದಕ್ಕೇ ಈ ಕಾಗದ. ಕೀಲಿ ಬೇಕು.

ಬೇಕರಿಯವನು ನಿನ್ನ ಬಗ್ಗೆ ವಿಚಾರಿಸಿದ. ಹೊತ್ತುಹೊತ್ತಿಗೆ ಊಟ ಮಾಡು, ನಿದ್ದೆಗಣ್ಣಲ್ಲಿ ಲಾರಿ ಹತ್ತಬೇಡ.

ನಿನ್ನ ತಂಗಿ,
ಸೂಜಿಮೆಣಸು

ಮರೆತೆ: ಬೀಗ ಒಡೆಯಬಹುದಿತ್ತಲ್ಲ ಎನ್ನುತ್ತೀಯ. ಕೀಟದವನು ಸುತ್ತಿಗೆ ಎತ್ತಿಯೇ ಬಿಟ್ಟಿದ್ದ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅವನು ಹಾಕಿದ ಬೀಗ, ಅವನೇ ಬಂದು ತೆಗೀಲಿ. ನಾವು ಒಡೆದ್ರೆ ಮತ್ಯಾಕೆ ಬರ್ತಾನೆ?" ಎಂದಳು. ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಈಗಷ್ಟೇ ಬೇಲಿ ಪಕ್ಕದ ಪೆಟ್ಟಿಗೆ ತೆರೆದು ನೋಡಿದೆವು, ಒಂದು ಹುಳವೂ ಜೀವಂತವಿಲ್ಲ. ಅವಳು ಮುಚ್ಚಳ ಮುಚ್ಚಿ ಮುಂದಿನ ಪೆಟ್ಟಿಗೆಯನ್ನು ಕಾಯಲು ಹೋದಳು. ಅವಳಿಗೆ ಯಾರು ಹೆಚ್ಚು ಎಂದು ನೀನೇ ಯೋಚಿಸು. ಕೀಲಿ ಅಂಚೆಗೆ ಹಾಕಬೇಡ, ಹಿಡಿದುಕೊಂಡು ಬಾ.