ಹಾಲು ಉಕ್ಕಬಾರದಲ್ಲ

ಅತ್ತೆಯವರಿಗೆ ನಮಸ್ಕಾರ.

ನಾನು ಅಕ್ಕನ ಮನೆಯಲ್ಲಿದ್ದೇನೆ. ಪಕ್ಕೆಲುಬು ಕೂಡಿಕೊಳ್ಳುವವರೆಗೆ ನಗಬಾರದು ಎಂದಿದ್ದಾರೆ ಡಾಕ್ಟರು. ಊರನ್ನೆಲ್ಲ ನಗಿಸುವವರ ಹೆಂಡತಿಗೆ ಇದು ಕಷ್ಟದ ಪಥ್ಯವೇನಲ್ಲ.

ನಿಮ್ಮ ಮಗ ಸಿನಿಮಾದಲ್ಲಿ ಏಟು ತಿಂದೇ ಹೆಸರು ಮಾಡಿದವರು. ಅಲ್ಲಿ ಕೈ ಕೆನ್ನೆಗೆ ತಾಗುವುದೇ ಇಲ್ಲ. ಏಟು ತಿನ್ನುವವನೇ ಮರೆಯಲ್ಲಿ ಚಪ್ಪಾಳೆ ತಟ್ಟಿ ಸದ್ದು ಮಾಡಬೇಕು. ಮನೆಯಲ್ಲಿ ಆ ತಾಪತ್ರಯ ಇರಲಿಲ್ಲ.

ಅವರೇ ನಿರ್ದೇಶಿಸಿದ ಹೊಸ ಸಿನಿಮಾವನ್ನು ನಾವಿಬ್ಬರೂ ಪಕ್ಕಪಕ್ಕ ಕೂತು ನೋಡಿದೆವಲ್ಲ. ಗಂಡ ಒದೆಯುತ್ತಾನೆ, ಹೆಂಡತಿ ಬೀಳುತ್ತ ಬೀಳುತ್ತಲೇ ಕೈ ಚಾಚಿ ಒಲೆ ಆರಿಸುತ್ತಾಳೆ. ಹಾಲು ಉಕ್ಕಬಾರದಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲ್ಲಿಂದ ಹೊಳೆಯುತ್ತೋ ಈ ಪುಣ್ಯಾತ್ಮಂಗೆ" ಅಂದ ಹಿಂದೆ ಕೂತವನು.

ನನ್ನಿಂದ ಕದ್ದದ್ದು ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ. ಆಗ ನೀವು ನನ್ನ ಕೈ ಹಿಡಿದು, "ಅದು ನಂದು ಕಣೇ. ಅವನಪ್ಪ ಒದ್ದಾಗ ಇವನು ಬಾಗಿಲ ಸಂದೀಲಿ ನಿಂತು ನೋಡ್ತಿದ್ದ" ಅಂದಿರಿ.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನಡೆದದ್ದನ್ನು ನೀವು ನಡುಮನೆಯಿಂದ ಕೇಳಿಸಿಕೊಂಡಿರಿ, ನೋಡಲಿಲ್ಲ. "ಎಲ್ಲರೂ ನಕ್ಕರು, ನೀನ್ಯಾಕೆ ನಗಲಿಲ್ಲ?" ಎನ್ನುತ್ತ ನಿಮ್ಮ ಮಗ ನನ್ನ ಪಕ್ಕೆಗೆ ಒದ್ದರು. ಏನೋ ಲಟಕ್ಕೆಂದಿತು. ಬೀಳುತ್ತ ನಾನು ಕೈ ಚಾಚಿದೆ. ಆದರೆ ಈ ಸಲ ಚಾಚಿದ್ದು ಒಲೆಗಲ್ಲ, ಕುದಿಯುವ ಹಾಲಿನ ಪಾತ್ರೆಗೆ. ಅವರ ಮುಖಕ್ಕೆ ಎರಚಿದೆ.

ಸುಟ್ಟ ಗಾಯದ ಮುಲಾಮು ಎಲ್ಲಿದೆಯೆಂದು ನಿಮಗೆ ಗೊತ್ತು. ಇಷ್ಟು ದಿನ ಹಚ್ಚಿಕೊಂಡವರು ನಾವಿಬ್ಬರೇ ತಾನೇ. ಅವರ ಕೈಗೆ ಕೊಟ್ಟುಬಿಡಿ. ಇಲ್ಲಿ ನಿಮಗೂ ಹಾಸಿಗೆ ಹಾಸಿದ್ದೇನೆ, ಉಟ್ಟ ಸೀರೆಯಲ್ಲೇ ಬನ್ನಿ.

ಹೊರಡುವಾಗ ಒಲೆಯ ಮೇಲೆ ಹಾಲಿದ್ದರೆ, ಉಕ್ಕಲಿ ಬಿಡಿ.

ನಿಮ್ಮ ದಾರಿ ಕಾಯುವ
ಸೊಸೆ