ಎಡ ಹುರಿಯ ಹಗ್ಗ

೧೯೪೮ ನವೆಂಬರ್ ೯, ಮಂಗಳವಾರ

ಯಾದಗಿರಿ ಸ್ಟೇಷನ್ನಿನಿಂದ ಪೇಪರ್ ಪಾರ್ಸೆಲ್ ಮತ್ತೆ ತಡ. ಊರಿಗೆ ತರುವಷ್ಟರಲ್ಲಿ ನಿನ್ನೆಯ ಪೇಪರ್ ಮೊನ್ನೆಯದಾಗಿತ್ತು. ಯಾರೂ ತಕರಾರು ಮಾಡಲಿಲ್ಲ. ಸೆಪ್ಟೆಂಬರಿನಲ್ಲಿ ಮಿಲಿಟ್ರಿ ಬರುವ ಮುಂಚೆ ಈ ಪೇಪರ್ ಮನೆಯಲ್ಲಿ ಸಿಕ್ಕರೆ ರಜಾಕಾರರು ಮನೆಯನ್ನೇ ಸುಡುತ್ತಿದ್ದರು. ಈಗ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತೇನೆ.

ಇವತ್ತು ಓದಿದ್ದು ನಾರ್ವೆ ದೇಶದ ಸುದ್ದಿ. ದೊಡ್ಡ ದೊಡ್ಡ ಪರ್ವತ, ಮೇಲೆ ಮರದ ಮನೆಗಳು. ಕಾವಲಿಲ್ಲ. ಹತ್ತಿ ಬಂದವರು ತಾವೇ ಒಲೆ ಹಚ್ಚಿ, ಅಲ್ಲಿಟ್ಟದ್ದನ್ನು ಬೇಯಿಸಿ ಉಂಡು, ಡಬ್ಬಿಗೆ ರೊಕ್ಕ ಹಾಕಿ ಹೋಗುತ್ತಾರಂತೆ.

ಕುರಿ ಕಾಯುವ ಬಸವಣ್ಣ ಕಾಕಾ ನಕ್ಕ. “ಅದರಾಗೇನು ಹೊಸಾದು ಅದಲೇ ರಂಗ್ಯಾ? ನಮ್ಮ ಕಲ್ಲಮನಿಗೆ ಬಾಗಲಾ ಸೈತ ಇಲ್ಲ.”

ಹೌದು. ಕಲ್ಲಮನೆ ಇರುವುದು ಗುಡ್ಡದ ನೆತ್ತಿಯಲ್ಲಿ, ಬಂಡೆಗಳ ನಡುವೆ. ಕುರಿ ಕಾಯುವ ನಮ್ಮವರು ಜೋಳದ ಹಿಟ್ಟು, ಉಪ್ಪು, ಖಾರ ಇಟ್ಟು ಬರುತ್ತಾರೆ. ಉಂಡವರು ಕೈಲಾದದ್ದು ಇಡಬೇಕು — ಕಟ್ಟಿಗೆ, ಉಣ್ಣೆ, ಏನಾದರೂ. ರಜಾಕಾರರ ಕಾಲದಲ್ಲಿ ತಲೆಮರೆಸಿಕೊಂಡವರು ಅಲ್ಲಿ ಅಡಗತೊಡಗಿದಾಗ ಇನ್ನೊಂದು ನೇಮ ಸೇರಿತು. ಹಿಟ್ಟು ಒಯ್ದವನು ಕೆಳಗಿನಿಂದಲೇ ಕೂಗು ಹಾಕಬೇಕು. ಒಳಗಿದ್ದವನು ಹಿಂದಿನ ಗವಿಗೆ ಸರಿಯಬೇಕು. ಮುಖ ನೋಡಬಾರದು. ನೋಡಿದ್ದರೆ ಹೊಡೆತ ಬಿದ್ದಾಗ ಬಾಯಿ ಬಿಟ್ಟೇವು ಎಂದು.

ಆಮೇಲೆ ಕಾಕಾ ಕಂಬಳಿಯೊಳಗಿಂದ ಒಂದು ಹಗ್ಗ ತೆಗೆದ. ಕತ್ತಾಳಿ ನಾರಿನದು. ದೀಪಾವಳಿ ಆದಮೇಲೆ ಹಿಟ್ಟು ಒಯ್ದಾಗ ಕಲ್ಲಮನೆಯಲ್ಲಿ ಸಿಕ್ಕಿದ್ದಂತೆ.

“ಹುರಿ ನೋಡು.”

ಎಡ ಹುರಿ. ಈ ಸೀಮೆಯಲ್ಲಿ ಹಾಗೆ ಹೊಸೆಯುವವನು ಒಬ್ಬನೇ. ಎಡಚ. ನನ್ನ ತಮ್ಮ ಮಲ್ಕಪ್ಪ. ಆಷಾಢದಲ್ಲಿ ರಜಾಕಾರರು ಹುಡುಕಿಕೊಂಡು ಬಂದ ದಿನ ಹಿತ್ತಲಿನಿಂದ ಓಡಿದವನು. ಹಾಗೆ ಓಡಿ ಗಡಿಯಾಚೆಯ ಕ್ಯಾಂಪು ಸೇರಿದವರೆಲ್ಲ ತಿರುಗಿ ಬಂದರು. ಇವನಿಲ್ಲ.

ಹಗ್ಗ ಹಸಿರಿದೆ. ಹೊಸದು.

ನವೆಂಬರ್ ೧೧

ಅವ್ವ ಹಗ್ಗವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಹೊಸ ಗಾದಿ ಮಾಡಿಸಬೇಕಂತೆ ಮಗನಿಗೆ. ಹತ್ತಿ ಇದೆ, ಹೊಡೆಯುವವರಿಲ್ಲ. ಪಿಂಜಾರ ಖಾಸಿಮನ ಮನೆ ಸೆಪ್ಟೆಂಬರಿನಿಂದ ಹಾಳು ಬಿದ್ದಿದೆ. ಹೈದರಾಬಾದಿಗೆ ಹೋದ ಎನ್ನುತ್ತಾರೆ. ಮಿಲಿಟ್ರಿ ಬಂದ ವಾರ ಕೊಡಲಿ ಹಿಡಿದು ಮುಸಲ್ಮಾನರ ಓಣಿಗೆ ನುಗ್ಗಿದವರು ನಮ್ಮೂರವರೇ. ಅದು ಯಾವ ಪೇಪರಿನಲ್ಲೂ ಬರಲಿಲ್ಲ.

ಮಲ್ಕಪ್ಪ ಯಾಕೆ ಇಳಿದು ಬಂದಿಲ್ಲ? ಕಾಲು ಮುರಿದಿರಬಹುದು. ರಾಜ್ಯ ಬದಲಾದದ್ದೇ ತಿಳಿಯದಿರಬಹುದು. ಊಹೆ ಸಾಕು. ಗುಡ್ಡ ಹತ್ತಿ ನೋಡಬೇಕು.

ನವೆಂಬರ್ ೧೪, ಭಾನುವಾರ

ದಾರಿಯ ಲೆಕ್ಕಾಚಾರ. ದೋರನಹಳ್ಳಿ ಕಡೆಯಿಂದ ಹತ್ತಿದರೆ ಒರತೆಯವರೆಗೆ ಕುರಿದಾರಿ. ಅಲ್ಲಿಂದ ಮೇಲೆ ದಾರಿ ಅನ್ನುವಂಥದ್ದಿಲ್ಲ. ಎರಡು ಬಂಡೆಗಳ ಸಂದಿ — ಮೈ ಓರೆ ಮಾಡಿ ಏರಬೇಕು. ನೆತ್ತಿಯಲ್ಲಿ ನೀರಿಲ್ಲ. ಚಿರತೆ ಇದೆ. ಎರಡು ತೊಗಲಿನ ಚೀಲ ನೀರು, ಹಗ್ಗ, ಟಾರ್ಚು. ಕಾಲು ಮುರಿದಿದ್ದರೆ ಹೊತ್ತು ತರಲು ಕಂಬಳಿ, ಎರಡು ಬಡಿಗೆ.

ಕಾಕಾ ಒಪ್ಪುತ್ತಿಲ್ಲ. “ಹಿಟ್ಟು ಒಯ್ಯಿ, ಬ್ಯಾಡನ್ನಂಗಿಲ್ಲ. ಒಳಗ್ಯಾರದಾರ ಅಂತ ಹಣಿಕಿ ಹಾಕಬ್ಯಾಡ. ನೇಮ ಮುರದ್ರ ಒಳ್ಳೇದಾಗಂಗಿಲ್ಲ.”

“ಈಗ ರಜಾಕಾರರು ಎಲ್ಲಿದಾರ ಕಾಕಾ?”

“ನೇಮಕ್ಕ ಅದೇನ್ ಗೊತ್ತಲೇ?”

ಬಾಗಿಲ ಹಿಂದಿನಿಂದ ದನಿ. ಮಲ್ಕಪ್ಪನ ಹೆಂಡತಿ ರೇಣಮ್ಮ. ನನ್ನೆದುರು ಎಂದೂ ಮಾತಾಡಿದವಳಲ್ಲ. ಅವ್ವನಿಗೆ ಹೇಳಿದ ಹಾಗೆ ಹೇಳಿದಳು — “ಅತ್ತಿ, ನಾನೂ ಹೋಗ್ತೀನಿ ಅನ್ರಿ.”

ನವೆಂಬರ್ ೧೮, ಗುರುವಾರ. ಸಂಜೆ

ಕ್ರಮವಾಗಿ ಬರೆಯಬೇಕು.

ಬೆಳಕು ಹರಿಯುವ ಮುಂಚೆ ಮೂವರೂ ಹೊರಟೆವು. ಒರತೆಯ ಹತ್ತಿರ ಕಾಕಾ ಕೂತುಬಿಟ್ಟ, ಮುಂದೆ ಬರಲಿಲ್ಲ. ಸಂದಿಯಲ್ಲಿ ನನ್ನ ಮೊಣಕೈ ತರಚಿತು. ರೇಣಮ್ಮ ರೊಟ್ಟಿ ಗಂಟನ್ನು ತಲೆಗೆ ಕಟ್ಟಿಕೊಂಡು ನನಗಿಂತ ಮೊದಲೇ ಏರಿದಳು.

ಮೇಲೆ ಹೋಗಿ ಕೂಗು ಹಾಕಲಿಲ್ಲ. ಹೆಸರು ಹಿಡಿದು ಕರೆದೆ. ಹಿಂದಿನ ಗವಿಯಲ್ಲಿ ಕೆಮ್ಮು. ಒಳಗೆ ನುಗ್ಗಿದೆ. ಟಾರ್ಚು ಹಿಡಿದೆ.

ಗಡ್ಡ. ಎರಡೂ ಕೈ ಮೇಲೆತ್ತಿದ್ದ. “ಹೊಡೀಬ್ಯಾಡ್ರಿ ರಂಗಣ್ಣಾರ.”

ಪಿಂಜಾರ ಖಾಸಿಮ್.

ಟಾರ್ಚು ಕೆಳಗಿಳಿಸಿದೆ. ರೇಣಮ್ಮನೇ ಕೇಳಿದಳು — “ಅವರೆಲ್ಲಿ?”

ಅವನು ಹೊರಗೆ ಕರೆದೊಯ್ದು ತೋರಿಸಿದ. ಗವಿಯ ಹಿಂದೆ ಕಲ್ಲು ಒಟ್ಟಿದ ಗುಪ್ಪೆ. ಮೇಲೆ ಮಲ್ಕಪ್ಪನ ಬಡಿಗೆ.

“ನಾ ಓಡಿ ಬಂದಾಗ ಜ್ವರದಾಗ ಬಿದ್ದಿದ್ರು. ನನ್ನ ನೋಡಿ ನಕ್ಕರ್ರಿ. ‘ಈಗ ನಿನ್ನ ಪಾಳಿ ಏನೋ ಖಾಸಿಮಾ’ ಅಂದ್ರು. ದಸರಾದ ಮುಂದ ಹೋದ್ರು.”

“ಮತ್ತ ಹಗ್ಗ?” ಅಂದೆ. ಜಗತ್ತಿನಲ್ಲಿ ಕೇಳಬೇಕಾದದ್ದು ಅದೊಂದೇ ಎಂಬಂತೆ.

“ಪುಕ್ಕಟೆ ಉಣಬಾರದು ಅಂತ ಅವರೇ ಕಲಿಸಿದ್ರಿ, ಮಲಗಿದಲ್ಲೇ. ಅವರ ಕೈ ನೋಡಿ ಕಲ್ತೀನಿ. ನನಗ ಬ್ಯಾರೆ ಹುರಿ ಬರಂಗಿಲ್ಲ.”

ರೇಣಮ್ಮ ಒಂದು ಕಲ್ಲೆತ್ತಿಕೊಂಡಳು. ಎಡಗೈಯನ್ನು ಬಂಡೆಯ ಮೇಲಿಟ್ಟು ಬಳೆಗಳ ಮೇಲೆ ಕಲ್ಲು ಎತ್ತಿದಳು. ಹಾಗೇ ನಿಂತಳು. ಕಲ್ಲನ್ನು ಗುಪ್ಪೆಯ ಮೇಲಿಟ್ಟಳು. ಗಂಟು ಬಿಚ್ಚಿ ಗಂಡನಿಗೆಂದು ಮಾಡಿದ ರೊಟ್ಟಿಯನ್ನು ಖಾಸಿಮನ ಮುಂದೆ ಸರಿಸಿದಳು.

ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು. “ಭಾವಾರ, ಬಳಿ ಒಡದ್ರ ಊರು ಕೇಳ್ತದ. ಸತ್ತದ್ದು ಯಾರು ಹೇಳಿದ್ರು, ಹಗ್ಗ ಹೊಸಿಯಾವ ಯಾರು ಅಂತ. ಕೊಡ್ಲಿ ತಗೊಂಡು ಮ್ಯಾಲ ಬರ್ತಾರ.”

ಒರತೆಯಲ್ಲಿ ಕಾಕಾ ಕೇಳಿದ, “ಕಂಡನೇನು?”

“ಮಾರಿ ನೋಡ್ಲಿಲ್ರಿ ಮಾವ,” ರೇಣಮ್ಮ ಅಂದಳು. “ನೇಮ.”

ಕಾಕಾ ನಮ್ಮಿಬ್ಬರನ್ನೂ ನೋಡಿದ. ಕೋಲು ಊರಿ ಎದ್ದ.

ನವೆಂಬರ್ ೨೧

ಒಳಗೊಬ್ಬನಿದ್ದಾನೆ, ಮುಖ ನೋಡಲಿಲ್ಲ ಎಂದದ್ದಕ್ಕೇ ಅವ್ವ ಮಗ ಬದುಕಿದ್ದಾನೆಂದು ಓಣಿಗೆಲ್ಲ ಸಕ್ಕರೆ ಹಂಚಿದಳು.

ಕಟ್ಟೆಯಲ್ಲಿ ಅಂಬ್ರಪ್ಪ — ಸೆಪ್ಟೆಂಬರಿನಲ್ಲಿ ಕೊಡಲಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದವನು — ಬೆನ್ನು ತಟ್ಟಿದ. “ಏನಪಾ ಪೇಪರ್ ಸಾಹೇಬ, ನಿನ್ನ ತಮ್ಮಗ ಇನ್ನಾ ರಜಾಕಾರರ ಅಂಜಿಕಿ ಹೋಗಿಲ್ಲೇನು? ಗುರುವಾರ ನಾವು ನಾಕು ಮಂದಿ ಹೋಗಿ ಮದಿಮಗನಂಗ ಹೊತ್ಕೊಂಡು ಬರ್ತೀವಿ ತಗೋ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ತಪ್ಪು ಸುದ್ದಿ ಅಚ್ಚಾದರೆ ಪೇಪರಿನವರು ಮರುದಿನ ತಿದ್ದುಪಡಿ ಹಾಕುತ್ತಾರೆ. ನನ್ನದು ಮೂರು ದಿನದಿಂದ ಬಾಕಿ. ಗುರುವಾರದ ಹೊತ್ತಿಗೆ ಖಾಸಿಮ್ ಅಲ್ಲಿರಕೂಡದು.

ನವೆಂಬರ್ ೨೪, ಬುಧವಾರ

ಆಯಿತು. ನಾನು ಕೇಳಿಕೊಂಡದ್ದಕ್ಕೆ ನಿನ್ನೆ ಕಾಕಾ ಕುರಿಗಳ ನಡುವೆ ಒಬ್ಬನನ್ನು ಇಳಿಸಿಕೊಂಡು ಬಂದ. ಕಂಬಳಿ ಕೊಪ್ಪೆ, ಹೆಗಲಿಗೆ ಮರಿ. ಮುಖ ನೋಡಲೇ ಇಲ್ಲವಂತೆ — ಹಾಗೆಂದೇ ಹೇಳಿದ. ಇವತ್ತು ನಸುಕಿನಲ್ಲಿ ಪಾರ್ಸೆಲ್ ತರುವ ಬಂಡಿಯಲ್ಲಿ ಯಾದಗಿರಿಗೆ ಕರೆದೊಯ್ದೆ. ಹೈದರಾಬಾದ್ ಕಡೆಯ ಗಾಡಿ ಹತ್ತಿಸಿದೆ. ಕಿಟಕಿಯಿಂದ ಏನೋ ಕೈಗೆ ತುರುಕಿದ. ಗಾಡಿ ಹೋದಮೇಲೆ ನೋಡಿದೆ.

ಗೇಣುದ್ದ ಹಗ್ಗ. ಎಡ ಹುರಿ.

ನವೆಂಬರ್ ೨೫, ಗುರುವಾರ. ಬೆಳಿಗ್ಗೆ

ಅಂಬ್ರಪ್ಪನ ಮಂದಿ ಗುಡ್ಡಕ್ಕೆ ಹೊರಟರು. ಹೋಗಲಿ. ಈಗ ಅಲ್ಲಿ ಗುಪ್ಪೆಯೊಂದೇ. ಅವರು ಇಳಿಯುವ ಮುಂಚೆ ಅವ್ವನಿಗೆ ನನ್ನ ಬಾಯಿಂದ ತಿಳಿಯಬೇಕು. ವಾಕ್ಯ ಸಿದ್ಧ ಮಾಡಿಕೊಂಡಿದ್ದೇನೆ. ಚಿಕ್ಕದು. ಒಂದೇ ಸಾಲು.

ಪಡಸಾಲೆಯಲ್ಲಿ ಬಳೆಗಾರ. ಅವ್ವನೇ ಕರೆಸಿದ್ದಾಳೆ. “ಹಸರು ತೋರ್ಸು, ಹಸರು. ನನ್ನ ಮಗ ಇವತ್ತ ಇಳದು ಬರ್ತಾನ.” ಗಾಜಿನ ಸದ್ದು. “ಬಾರ ರೇಣವ್ವಾ, ಕೈ ಕೊಡು.”

ರೇಣಮ್ಮ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡುತ್ತಿದ್ದಾಳೆ. ಎರಡೂ ಕೈ ಬೆನ್ನ ಹಿಂದೆ. ಏಳಬೇಕು. ಮೊದಲು ಅವ್ವನ ಕೈಯಿಂದ ಆ ಬಳೆಗಳನ್ನು ಇಸಿದುಕೊಳ್ಳಬೇಕು, ಆಮೇಲೆ ಆ ಒಂದು ಸಾಲು.